ಹೊಗೆಯಿಲ್ಲದ ಕೆಂಡ

ದುರ್ಗವ್ವ ಬೊಮ್ಮಸಂದ್ರದಲ್ಲಿ ಬಸ್ಸಿಳಿದ ದಿನ ಅವಳ ಸಾಮಾನು ಇಳಿಸುವಷ್ಟರಲ್ಲಿ ಕಂಡಕ್ಟರನ ತಾಳ್ಮೆ ಮುಗಿದುಹೋಗಿತ್ತು. ಎರಡು ಕೌದಿ, ಬಾಣಂತಿಗೆಂದು ಕಟ್ಟಿದ ಅಂಟಿನುಂಡಿ ತುಂಬಿದ ಸ್ಟೀಲ್ ಡಬ್ಬಿ, ಬೆಳ್ಳುಳ್ಳಿ, ಅಜವಾನ, ಒಣಕೊಬ್ಬರಿ, ಕ್ಯಾನಿನ ತುಂಬ ಕುಸುಬಿ ಎಣ್ಣೆ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು ಎನ್ನುವುದು ಯಲಬುರ್ಗಾ ಕಡೆಯ ಪದ್ಧತಿ. ಆದರೆ ಮಗಳು ಭುವನೇಶ್ವರಿಗೆ ಕಾಲು ಬಾತು, ಬಸ್ಸು ಹತ್ತಲೇಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ದಿನ ತುಂಬುವ ಮೊದಲೇ ಹೆರಿಗೆಯೂ ಆಗಿಹೋಯಿತು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಹೋಗುತ್ತದೆ ಎಂದು ದುರ್ಗವ್ವ ಗಂಟು ಕಟ್ಟಿದ್ದಳು.

ಊರಿನಲ್ಲಿ ಅವಳ ಹೆಸರು ಸಣ್ಣದೇನಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಕೂಸಿಗೆ ನೀರು ಹಾಕಲು ದುರ್ಗವ್ವನೇ ಬರಬೇಕು. ಕಾಲು ನೀಡಿಕೊಂಡು ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಅವಳು ಎಣ್ಣೆ ತಿಕ್ಕುವುದನ್ನು ನೋಡಲೆಂದೇ ಹೆಂಗಸರು ಬಂದು ನಿಲ್ಲುತ್ತಿದ್ದರು. ಆ ಕಾಲ ಮೇಲೆ ಮಲಗಿ ಕಿರುಚಿದ ಕೂಸುಗಳಲ್ಲಿ ಕೆಲವು ಈಗ ಟ್ರ್ಯಾಕ್ಟರ್ ಓಡಿಸುತ್ತಿವೆ, ಒಂದಂತೂ ಪಂಚಾಯಿತಿ ಮೆಂಬರಾಗಿದೆ. ಆ ಮೆಂಬರಿನ ಮೂಗು ನೆಟ್ಟಗಿರುವುದು ತನ್ನ ಹೆಬ್ಬೆಟ್ಟಿನಿಂದಲೇ ಎಂದು ದುರ್ಗವ್ವ ಇವತ್ತಿಗೂ ಹೇಳುತ್ತಾಳೆ. ಇಂಥವಳಿಗೆ ಮಕ್ಕಳನ್ನು ಹೇಗೆ ಬೆಳೆಸಬೇಕು ಎಂದು ಪಾಠ ಹೇಳಲು ಹೋಗುವವರಿಗೆ ಎರಡು ಗುಂಡಿಗೆ ಬೇಕು.

ಅಳಿಯ ಮುತ್ತಣ್ಣ ಬೇರೆ ಯಾರೋ ಅಲ್ಲ, ಅವಳ ಸ್ವಂತ ಅಣ್ಣನ ಮಗ. ಎಲೆಕ್ಟ್ರಾನಿಕ್ ಸಿಟಿ ಕಡೆ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಗಂಡ ಹೆಂಡತಿ ಇದ್ದದ್ದು ಪಿಳ್ಳಮ್ಮನ ವಠಾರದ ಸಾಲುಕೋಣೆಗಳಲ್ಲಿ ಒಂದರಲ್ಲಿ. ಕಾಂಕ್ರೀಟ್ ತಾರಸಿ, ಒಂದು ಬಾಗಿಲು, ಒಂದು ಕಿಟಕಿ, ಗೋಡೆಯ ನೆತ್ತಿಯಲ್ಲಿ ಸಿಮೆಂಟ್ ಜಾಲರಿಯ ಒಂದು ಕಿಂಡಿ. ಒಲೆ, ಮಂಚ, ಟಿವಿ ಎಲ್ಲ ಅದರೊಳಗೇ. ದುರ್ಗವ್ವ ಒಳಗೆ ಕಾಲಿಟ್ಟವಳೇ ಊರಿನ ತನ್ನ ದನದ ಕೊಟ್ಟಿಗೆ ಇದಕ್ಕಿಂತ ದೊಡ್ಡದು ಅಂದುಕೊಂಡಳು. ಆದರೆ ಮಂಚದ ಮೇಲೆ ಮಲಗಿದ್ದ ಮೊಮ್ಮಗಳನ್ನು ಕಂಡಮೇಲೆ ಕೋಣೆ ಮರೆತೇಹೋಯಿತು. ಅಂಗೈ ಅಗಲದ ಕೂಸು. ಕೈಬೆರಳು ಕಾಲ್ಬೆರಳು ತಣ್ಣಗೆ. ಇಷ್ಟು ಸಣ್ಣ ಕೂಸನ್ನು ಅವಳು ಎಂದೂ ಕೈಯಲ್ಲಿ ಹಿಡಿದಿರಲಿಲ್ಲ. ಹೇಳಿಕೊಳ್ಳಲಿಲ್ಲ, ಆದರೆ ಹೆದರಿದಳು. ಇದನ್ನು ಉಳಿಸಿಕೊಟ್ಟೇ ಊರಿಗೆ ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಊರಿನ ದೇವಿ ದುರ್ಗಮ್ಮನಿಗೆ ಕೈಮುಗಿದಳು.

ಡಿಸೆಂಬರ್ ತಿಂಗಳು. ಬೆಳಗಾದರೆ ಹೈವೇಯ ಲಾರಿಗಳೂ ಕಾಣದಷ್ಟು ಮಂಜು. ಊರಿನಲ್ಲಾದರೆ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು ಕಾವು ಕೊಡುತ್ತಿದ್ದರು. ಇಲ್ಲಿದ್ದದ್ದು ನೈಲಾನ್ ಪಟ್ಟಿಯ ಮಂಚ. ಕೆಳಗೆ ಕೆಂಡ ಇಟ್ಟರೆ ಮಂಚ ಕರಗಿ ಬಾಣಂತಿ ನೆಲಕ್ಕೆ ಬಿದ್ದಾಳು ಎನ್ನುವಷ್ಟು ಬುದ್ಧಿ ದುರ್ಗವ್ವನಿಗಿತ್ತು. ಮುತ್ತಣ್ಣ ಗಾರೆ ಹೊರುವ ಕಬ್ಬಿಣದ ಬಾಂಡ್ಲಿಯನ್ನು ತಿಕ್ಕಿ ತೊಳೆದು, ಅದರಲ್ಲಿ ಕಟ್ಟಿಗೆಚೂರು ಹಾಕಿ ಹೊತ್ತಿಸಿ, ಮಂಚದ ಕಾಲ್ದೆಸೆಗೆ ದೂರವಾಗಿ ಇಟ್ಟಳು. ಮೇಲೆ ಬೆಳ್ಳುಳ್ಳಿ ಸಿಪ್ಪೆ, ಅಜವಾನ ಉದುರಿಸಿದಳು. ಕೋಣೆ ತುಂಬ ಹೊಗೆ. ಕೂಸು ಕೆಮ್ಮಿತು, ಬಾಗಿಲು ಕಿಟಕಿ ಎಲ್ಲ ತೆಗೆಯಬೇಕಾಯಿತು.

ಆ ಹೊಗೆಯ ಮಧ್ಯೆಯೇ ಆರೋಗ್ಯ ಕೇಂದ್ರದ ಸಿಸ್ಟರ್ ಭಾಗ್ಯಶ್ರೀ ಬಂದದ್ದು. ಚಿಕ್ಕ ವಯಸ್ಸಿನ ಹುಡುಗಿ, ಹೆಗಲಲ್ಲಿ ಬ್ಯಾಗು, ಮೂಗಿಗೆ ಸೆರಗು. ಕೂಸನ್ನು ತೂಗಿದಳು, ಹಾಲು ಕುಡಿಯುವುದನ್ನು ನೋಡಿದಳು, ಆಮೇಲೆ ಚಳಿಗಾಲದ ಬುದ್ಧಿಮಾತು ಶುರುಮಾಡಿದಳು. ಸಣ್ಣ ಕೂಸಿಗೆ ದಿನಾ ನೀರು ಹಾಕಬೇಡಿ, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ. ಟೋಪಿ, ಕಾಲುಚೀಲ ಹಾಕಿ. ಥಂಡಿ ಗಾಳಿ ಬಡಿಯದ ಹಾಗೆ ನೋಡಿಕೊಳ್ಳಿ. ಹೊಗೆಯಂತೂ ಬೇಡವೇ ಬೇಡ, ಎಳೇ ಶ್ವಾಸಕೋಶ. ಕೈಕಾಲು ತಣ್ಣಗಾದರೆ ಬಟ್ಟೆ ಬಿಚ್ಚಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಮೇಲೆ ಹೊದಿಕೆ ಹೊದಿಸಿ, ಅದಕ್ಕಿಂತ ಒಳ್ಳೆಯ ಕಾವು ಇಲ್ಲ ಎಂದಳು.

ಕೊನೆಯ ಮಾತಿಗೆ ದುರ್ಗವ್ವನಿಗೆ ನಗು ತಡೆಯಲಾಗಲಿಲ್ಲ. ನಾಯಿ ಬೆಕ್ಕು ಮರಿಗಳನ್ನು ಹಾಗೆ ಮಲಗಿಸಿಕೊಳ್ಳುತ್ತವೆ, ಮನುಷ್ಯರಿಗೆ ಕೆಂಡ ಎನ್ನುವುದು ಇದೆ ಎಂದು ಮಗಳ ಕಡೆ ತಿರುಗಿ ಹೇಳಿದಳು. ಆದರೆ ಅವಳು ಹಟಮಾರಿಯಾದರೂ ದಡ್ಡಿಯಲ್ಲ. ಕೂಸು ಕೆಮ್ಮಿದ್ದನ್ನು ಕಣ್ಣಾರೆ ಕಂಡಿದ್ದಳು. ಸಿಸ್ಟರ್ ಹೇಳಿದ್ದರಲ್ಲಿ ಎರಡು ಮಾತು ಅವಳ ಮನಸ್ಸಿಗೆ ಬಂದವು. ಹೊಗೆ ಕೂಡದು, ಗಾಳಿ ಕೂಡದು. ಆ ಎರಡನ್ನೂ ದುರ್ಗವ್ವ ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ಅಷ್ಟು ನಿಷ್ಠೆಯಿಂದ ಸಿಸ್ಟರ್ ಮಾತನ್ನು ಆ ವಠಾರದಲ್ಲಿ ಯಾರೂ ಪಾಲಿಸಿರಲಿಲ್ಲ.

ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಕೃಷ್ಣಪ್ಪನ ಹತ್ತಿರ ಹೋಗಿ ಇದ್ದಿಲು ತಂದಳು. ಇದ್ದಿಲನ್ನು ಹೊರಗೆ ಜಗಲಿಯ ಮೇಲೆ ಬಾಂಡ್ಲಿಯಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ಕೆಂಪಗೆ ನಿಗಿನಿಗಿ ಆದಮೇಲೆ ಒಳಗೆ ತಂದಿಟ್ಟಳು. ಈಗ ಹೊಗೆಯ ಸುಳಿವೇ ಇಲ್ಲ. ಕಿಟಕಿ ಮುಚ್ಚಿದಳು. ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದಳು. ನೆತ್ತಿಯ ಕಿಂಡಿಯಿಂದ ಥಂಡಿ ಇಳಿಯುತ್ತಿತ್ತು, ಅದನ್ನು ಮುಚ್ಚೆಂದು ಅಳಿಯನಿಗೆ ಹೇಳಿದಳು. ನೂರಾರು ಮನೆಗಳಿಗೆ ಕಿಂಡಿ ಬಿಟ್ಟು ಗೋಡೆ ಕಟ್ಟಿದ್ದ ಮುತ್ತಣ್ಣ, ಅತ್ತೆಯ ಮಾತಿಗೆ ಎದುರಾಡದೆ ಸಿಮೆಂಟ್ ಚೀಲ ಮಡಚಿ ತನ್ನ ಕೈಯಾರೆ ಅದಕ್ಕೆ ತುರುಕಿದ. ಕೋಣೆ ಬೆಚ್ಚಗಾಯಿತು. ಕೂಸಿನ ಬೆರಳುಗಳೂ ಬೆಚ್ಚಗಾದವು. ಸಿಸ್ಟರ್ ಬಂದು ನೋಡಲಿ ಎಂದು ದುರ್ಗವ್ವ ಕಾದಿದ್ದಳು.

ಕಾವು ಕೊಟ್ಟ ಹೊತ್ತಿನಲ್ಲೆಲ್ಲ ತಾಯಿ ಮಗಳಿಬ್ಬರಿಗೂ ಒಂದಿಷ್ಟು ತಲೆನೋವು ಬರುತ್ತಿತ್ತು. ಬೆಂಗಳೂರಿನ ನೀರು ಹಿಡಿಸುತ್ತಿಲ್ಲ ಎಂದು ದುರ್ಗವ್ವ ತೀರ್ಮಾನಿಸಿದಳು. ನಲ್ಲಿಗೆ ಹೋಗಿ ಕೊಡ ತುಂಬಿಸಿಕೊಂಡು ಬರುವಷ್ಟರಲ್ಲಿ ಅವಳ ತಲೆನೋವು ಇಳಿದಿರುತ್ತಿತ್ತು. ಅದೇ ನೀರು ಹೊತ್ತು ತಂದದ್ದಕ್ಕೆ ಇಳಿಯಿತೇ ಎಂದು ಅವಳು ಕೇಳಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ದಿನ ಸಮುದ್ರದ ಕಡೆ ಚಂಡಮಾರುತವಂತೆ, ಇಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಮುತ್ತಣ್ಣ ಕೆಲಸಕ್ಕೆ ಹೋಗಿದ್ದ. ದುರ್ಗವ್ವ ಅವತ್ತು ಬಾಂಡ್ಲಿ ತುಂಬ ಇದ್ದಿಲು ಸುರಿದಳು. ಮಗಳಿಗೆ ನೀರು ಹಾಕಿ, ಕೂಸನ್ನು ಒರೆಸಿ, ಇಬ್ಬರನ್ನೂ ಕೌದಿಯೊಳಗೆ ಮಲಗಿಸಿ ಬಾಗಿಲ ಚಿಲಕ ಹಾಕಿದಳು. ತಾನೂ ಗೋಡೆಗೆ ಒರಗಿ ಕೂತಳು. ಎಷ್ಟು ಹೊತ್ತಾಯಿತೋ, ತೂಕಡಿಕೆಯಿಂದ ಎಚ್ಚರವಾದಾಗ ತಲೆ ಸಿಡಿಯುತ್ತಿತ್ತು. ಭುವನೇಶ್ವರಿ ಮಂಚದ ಅಂಚಿಗೆ ಬಂದು ವಾಂತಿ ಮಾಡಿಕೊಂಡಿದ್ದಳು. ಕೂಸನ್ನು ಮಗಳ ಎದೆಗೆ ಹಚ್ಚಿದರೆ ಅದು ಬಾಯಿ ತೆರೆಯಲಿಲ್ಲ. ಎತ್ತಿದರೆ ಕತ್ತು ಆ ಕಡೆ, ಕೈ ಈ ಕಡೆ, ಒದ್ದೆ ಬಟ್ಟೆ ಎತ್ತಿದ ಹಾಗೆ.

ದೃಷ್ಟಿ, ಎಂದುಕೊಂಡಳು ದುರ್ಗವ್ವ. ಆ ದಿನ ಬೆಳಗ್ಗೆಯೇ ಪಿಳ್ಳಮ್ಮ ಬಂದು ಕೂಸು ದುಂಡಗಾಗಿದೆ ಎಂದು ಹೊಗಳಿ ಹೋಗಿದ್ದಳು. ಇನ್ನು ಯೋಚನೆ ಮಾಡುವುದೇನಿದೆ. ಏಳಲು ಹೋದರೆ ಕಾಲು ಕುಸಿದವು. ಆದರೂ ಗೋಡೆ ಹಿಡಿದುಕೊಂಡು ಒಲೆಯ ಹತ್ತಿರ ಹೋಗಿ ಉಪ್ಪು, ಮುಷ್ಟಿ ತುಂಬ ಬ್ಯಾಡಗಿ ಮೆಣಸಿನಕಾಯಿ ತಂದು ತಾಯಿ ಕೂಸಿಗೆ ನಿವಾಳಿಸಿ ಕೆಂಡದ ಮೇಲೆ ಸುರಿದಳು.

ಘಾಟು ಎದ್ದಿತು ನೋಡಿ. ಮುಚ್ಚಿದ ಕೋಣೆ, ಮುಷ್ಟಿ ಮೆಣಸಿನಕಾಯಿ. ದುರ್ಗವ್ವನ ಕಣ್ಣು ಮೂಗಿನಲ್ಲಿ ನೀರು ಸುರಿಯಿತು, ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಂಡಳು. ಆದರೆ ಮಂಚದ ಮೇಲಿನ ಇಬ್ಬರು ಕೆಮ್ಮಲಿಲ್ಲ. ಮೆಣಸಿನಕಾಯಿ ಘಾಟಿಗೂ ಮಗಳು ಕೆಮ್ಮುತ್ತಿಲ್ಲ ಎನ್ನುವುದು ತಲೆಗೆ ಹೊಕ್ಕಾಗ ಅವಳ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಪಕ್ಕದ ಮನೆಯಲ್ಲಿದ್ದ ಪಿಳ್ಳಮ್ಮ ಕೆಮ್ಮುತ್ತ, ಬಯ್ಯುತ್ತ ಬಂದು ಬಾಗಿಲು ಬಡಿದಳು. ದುರ್ಗವ್ವ ತೆವಳಿಕೊಂಡು ಹೋಗಿ ಚಿಲಕ ಎಳೆದಳು. ಪಿಳ್ಳಮ್ಮ ಬಾಗಿಲನ್ನು ಒದ್ದಂತೆ ತಳ್ಳಿ, ಕಿಟಕಿಯನ್ನೂ ಬಡಿದು ತೆಗೆದಳು. ಬಾಣಂತಿಯ ಸ್ಥಿತಿ ನೋಡಿದವಳೇ ಬಯ್ಗುಳ ನಿಲ್ಲಿಸಿದಳು. ಇಬ್ಬರೂ ಸೇರಿ ಕೂಸನ್ನು ಎತ್ತಿಕೊಂಡು ಭುವನೇಶ್ವರಿಯನ್ನು ಜಗಲಿಗೆ ಎಳೆದು ತಂದರು. ಮಳೆಗಾಳಿ ಮುಖಕ್ಕೆ ಬಡಿದು ಅವಳು ಕಣ್ಣು ಬಿಟ್ಟಳು. ಕೂಸು ಮಾತ್ರ ಮಿಸುಕಲಿಲ್ಲ, ಉಸಿರು ಇದೆಯೋ ಇಲ್ಲವೋ ಎನ್ನುವ ಹಾಗಿತ್ತು.

ಪಿಳ್ಳಮ್ಮನ ಗಂಡ ಗೋಪಾಲಪ್ಪನ ಲಗೇಜ್ ಆಟೋ ಮನೆ ಮುಂದೆಯೇ ನಿಂತಿತ್ತು. ಅದರ ಹಿಂಬದಿಯಲ್ಲಿ ಟಾರ್ಪಾಲಿನ ಕೆಳಗೆ ಕೂತು ಹೈವೇ ಪಕ್ಕದ ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ದುರ್ಗವ್ವ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದೇ ಇದ್ದಳು.

ಅಲ್ಲಿದ್ದದ್ದು ಡಾಕ್ಟರ್ ಅಮರೇಶ್, ಕಲಬುರಗಿ ಕಡೆಯವನು. ಏನಾಯಿತು ಎಂದು ಅವನು ಕೇಳಿದ್ದಕ್ಕೆ ಪಿಳ್ಳಮ್ಮ ಮುಂದೆ ಬಂದು ಎಲ್ಲ ಹೇಳಿದಳು. ಮುದುಕಿ ದೃಷ್ಟಿ ತೆಗೆಯಲು ಹೋಗಿ ಮೆಣಸಿನಕಾಯಿ ಸುಟ್ಟಿದ್ದಾಳೆ, ಆ ಘಾಟಿಗೆ ಹೀಗಾಗಿದೆ. ಡಾಕ್ಟರ್ ತಲೆಯಾಡಿಸಿ ಕೂಸಿನ ಎದೆಗೆ ಸ್ಟೆತಸ್ಕೋಪು ಇಟ್ಟ. ಘಾಟಿಗೆ ಶ್ವಾಸನಾಳ ಕಟ್ಟಿದೆಯೇನೋ ಎಂದು ನರ್ಸಿಗೆ ಏನೋ ಔಷಧಿ ಹೇಳಿದ.

ದುರ್ಗವ್ವ ಸುಮ್ಮನಿರಬಹುದಿತ್ತು. ದೃಷ್ಟಿ ತೆಗೆಯುವುದು ಎಲ್ಲ ಮನೆಯಲ್ಲೂ ಇದ್ದದ್ದೇ, ಅದಕ್ಕೆ ನಾಲ್ಕು ದಿನ ಬಯ್ಯುತ್ತಾರೆ, ಮರೆಯುತ್ತಾರೆ. ಆದರೆ ಅವಳಿಗೊಂದು ಗೊತ್ತಿತ್ತು. ಮೆಣಸಿನಕಾಯಿ ಸುಡುವ ಮೊದಲೇ ಕೂಸು ಬಾಡಿತ್ತು. ಬಾಗಿಲು ಮುಚ್ಚಿದ್ದು, ಕಿಂಡಿ ಮುಚ್ಚಿಸಿದ್ದು, ಬಾಂಡ್ಲಿ ತುಂಬಿದ್ದು ಎಲ್ಲ ತಾನೇ. ಯಾವುದರಿಂದ ಏನಾಯಿತು ಎಂದು ಅವಳಿಗೆ ತಿಳಿಯದು, ಆದರೆ ತನ್ನ ಕೈಯಿಂದಲೇ ಏನೋ ಆಗಿದೆ ಎಂದು ಹೊಟ್ಟೆಯೊಳಗೆ ತಿಳಿದುಹೋಗಿತ್ತು. ಹೇಳಿದರೆ ಮಗಳು ಇನ್ನು ಕೂಸನ್ನು ಮುಟ್ಟಗೊಡಲಾರಳು. ಊರಿನ ಬಸ್ಸು ಹತ್ತಿಸುತ್ತಾರೆ. ಓಣಿಯಲ್ಲಿ ಇನ್ಯಾರೂ ನೀರು ಹಾಕಲು ಕರೆಯುವುದಿಲ್ಲ. ಆದರೂ ಡಾಕ್ಟರ ತೋಳು ಹಿಡಿದುಕೊಂಡಳು.

“ಯಪ್ಪಾ, ಮೆಣಸಿನಕಾಯಿ ಅಲ್ಲ. ಅದಕ್ಕೂ ಮೊದಲ ಕೂಸು ಹಿಂಗ ಆಗಿತ್ತು” ಎಂದಳು. “ಇದ್ದಿಲ ಕೆಂಡ ಇಟ್ಟಿದ್ದೆ ಒಳಗ. ಹೊಗಿ ಇರಲಿಲ್ಲ. ಬಾಗಿಲಾ ಕಿಟಕಿ ಎಲ್ಲಾ ನಾನ ಮುಚ್ಚಿದ್ದೆ.”

ಡಾಕ್ಟರ್ ಅವಳ ಮುಖ ನೋಡಿದ. ತಲೆನೋವು ಬಂದಿತ್ತೇ ಎಂದು ಕೇಳಿದ. ಬಂದಿತ್ತು, ಹೊರಗೆ ಹೋದರೆ ಇಳಿಯುತ್ತಿತ್ತು ಎಂದಳು. ಅವನು ಮತ್ತೇನೂ ಕೇಳಲಿಲ್ಲ, ನರ್ಸಿನ ಕಡೆ ತಿರುಗಿ ಗಡಿಬಿಡಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಕೂಸಿನ ಸಣ್ಣ ಮುಖಕ್ಕೆ ಆಕ್ಸಿಜನ್ ಬಂತು, ಭುವನೇಶ್ವರಿಗೂ ಬಂತು. ದುರ್ಗವ್ವ ಬೇಡವೆಂದರೂ ಅವಳನ್ನೂ ಕೂರಿಸಿ ಮೂಗು ಬಾಯಿಗೆ ಮುಖವಾಡದಂಥದ್ದು ಕಟ್ಟಿದರು.

“ಅದು ಹೇಳ್ದಿದ್ರ ನಾ ಬ್ಯಾರೇನೇ ಔಷಧ ಕೊಡ್ತಿದ್ದೆ ನೋಡಬೇ” ಎಂದ ಡಾಕ್ಟರ್, ಸ್ವಲ್ಪ ಹೊತ್ತಿನ ಮೇಲೆ, ತನ್ನೂರಿನ ಮಾತಿಗೆ ಇಳಿದು. “ಇದ್ದಿಲಿಂದ ಒಂದು ವಿಷದ ಗಾಳಿ ಏಳ್ತದ. ಕಣ್ಣಿಗಿ ಕಾಣಂಗಿಲ್ಲ, ಮೂಗಿಗಿ ತಿಳಿಯಂಗಿಲ್ಲ. ಹೊಗಿ ಇದ್ದಿದ್ರ ನೀವ ಬಾಗಿಲಾ ತಗೀತಿದ್ರಿ.”

ಆಕ್ಸಿಜನ್ ಹಾಕಿಕೊಂಡು ಬೆಂಚಿನ ಮೇಲೆ ಕೂತ ದುರ್ಗವ್ವ ತಲೆ ಎತ್ತಿ ಆಸ್ಪತ್ರೆಯ ಸೂರು ನೋಡುತ್ತಿದ್ದಳು. ಹಾಗೆ ನೋಡುವಾಗ ಊರಿನ ಮನೆ ನೆನಪಾಯಿತು. ಮಣ್ಣಿನ ಮಾಳಿಗೆ, ಅದರ ನಡುವೆ ಬೆಳಕಿಂಡಿ. ಹಗಲೆಲ್ಲ ಅಲ್ಲಿಂದ ಬಿಸಿಲಿನ ಕೋಲು ಇಳಿಯುತ್ತಿತ್ತು, ಒಳಗಿನದೆಲ್ಲ ಅಲ್ಲಿಂದಲೇ ಮೇಲೆ ಹೋಗುತ್ತಿತ್ತು. ಅವಳ ಅತ್ತೆ ಹೊರಸು ಎಲ್ಲಿ ಹಾಕಬೇಕು, ಕೆಂಡ ಎಷ್ಟು ಇಡಬೇಕು ಎಂದು ಕಲಿಸಿದ್ದಳು. ಬೆಳಕಿಂಡಿಯ ಮಾತು ಯಾರೂ ಎತ್ತಿರಲಿಲ್ಲ, ಅದು ಇದ್ದೇ ಇತ್ತಲ್ಲ. ಕೌದಿ ತಂದೆ, ಎಣ್ಣೆ ತಂದೆ, ಬೆಳಕಿಂಡಿ ಒಂದನ್ನು ಅಲ್ಲೇ ಬಿಟ್ಟು ಬಂದೆ ಎಂದು ಅವಳು ಮುಖವಾಡದೊಳಗೇ ಅತ್ತಳು.

ಕಾಲಿಗೆ ಸಿಮೆಂಟ್ ಮೆತ್ತಿಕೊಂಡೇ ಮುತ್ತಣ್ಣ ಓಡಿ ಬಂದ. ದುರ್ಗವ್ವ ಮುಖವಾಡ ತೆಗೆದು ಅವನಿಗೂ ಎಲ್ಲ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಅವನು ಬಯ್ಯಲಿ ಎಂದು ಕಾದಳು. ಅವನು ಅವಳ ಪಕ್ಕದಲ್ಲಿ ಕೂತು ತನ್ನ ಕೈಗಳನ್ನೇ ನೋಡಿಕೊಂಡ. “ಕಿಂಡಿ ಮುಚ್ಚಿದಾಂವ ನಾನ ಅಲ್ಲೇನ ಅತ್ತಿ?” ಎಂದ. “ಕಿಂಡಿ ಯಾಕ ಬಿಡ್ತಾರಂತ ನನಗ ಗೊತ್ತಿರಬೇಕಿತ್ತು.”

ಸಂಜೆಯ ಹೊತ್ತಿಗೆ ಕೂಸು ಅತ್ತಿತು. ಮೊದಲು ಬೆಕ್ಕಿನ ಮರಿಯಂಥ ಸಣ್ಣ ದನಿ, ಆಮೇಲೆ ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ. ಪಿಳ್ಳಮ್ಮ ಕಣ್ಣೊರೆಸಿಕೊಂಡು, ಇದು ನಿಮ್ಮ ಮೆಣಸಿನಕಾಯಿಗಿಂತ ಜೋರು ಎಂದಳು.

ಕೆಲವು ದಿನ ಅಲ್ಲೇ ಇಟ್ಟುಕೊಂಡು, ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆ, ಹೆದರುವಂಥದ್ದೇನೂ ಉಳಿದಿಲ್ಲ, ತಪಾಸಣೆಗೆ ಮಾತ್ರ ಕರೆತನ್ನಿ ಎಂದು ಮನೆಗೆ ಕಳಿಸಿದರು. ಮನೆಗೆ ಬಂದ ದಿನವೇ ಮುತ್ತಣ್ಣ ಸ್ಟೂಲು ಹತ್ತಿ ಕಿಂಡಿಯಿಂದ ಸಿಮೆಂಟ್ ಚೀಲ ಕಿತ್ತೆಸೆದ. ಅಷ್ಟಕ್ಕೆ ಬಿಡದೆ, ಪಿಳ್ಳಮ್ಮನನ್ನು ಒಪ್ಪಿಸಿ ಎದುರಿನ ಗೋಡೆಯಲ್ಲೂ ಇಟ್ಟಿಗೆ ತೆಗೆದು ಇನ್ನೊಂದು ಕಿಂಡಿ ಮಾಡಿ ಸೊಳ್ಳೆಪರದೆಯ ಬಲೆ ಹೊಡೆದ. ಗೋಡೆ ಒಡೆಯುವುದೆಂದರೆ ಮೈಮೇಲೆ ಬರುವ ಪಿಳ್ಳಮ್ಮ, ಎಲ್ಲ ಕೋಣೆಗೂ ಇಂಥದ್ದೇ ಮಾಡಿಕೊಡಪ್ಪ ಎಂದಳು. ಬಾಂಡ್ಲಿ ಮತ್ತೆ ಗಾರೆ ಹೊರಲು ಹೋಯಿತು.

ಸುದ್ದಿ ತಿಳಿದು ಸಿಸ್ಟರ್ ಭಾಗ್ಯಶ್ರೀ ಓಡಿ ಬಂದಳು. ದುರ್ಗವ್ವ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಹುಡುಗಿ ಬಂದು ಅವಳೆದುರು ಕುಕ್ಕರಗಾಲಿನಲ್ಲಿ ಕೂತಳು. “ನಾನು ಹೊಗೆ ಬೇಡ ಅಂದೆ ಅಜ್ಜಿ, ಗಾಳಿ ಬೇಡ ಅಂದೆ. ಕೆಂಡ ಬೇಡ ಅನ್ಲೇ ಇಲ್ಲ. ನೀವು ನನ್ನ ಮಾತು ಕೇಳಿದ್ರಿ, ನಾನೇ ಪೂರ್ತಿ ಹೇಳಿರಲಿಲ್ಲ” ಎಂದಳು. ಆ ಮಾತಿಗೆ ದುರ್ಗವ್ವನಿಗೆ ಮತ್ತಷ್ಟು ಅಳು ಬಂತು. ವಠಾರದಲ್ಲಿ ಇನ್ನೂ ಇಬ್ಬರು ಬಸುರಿಯರಿದ್ದಾರೆ, ಅವರ ತಾಯಂದಿರೂ ಊರಿಂದ ಬರುತ್ತಾರೆ, ನನ್ನ ಮಾತಿಗಿಂತ ನಿಮ್ಮ ಮಾತು ಕೇಳುತ್ತಾರೆ, ನನ್ನ ಜೊತೆ ಬನ್ನಿ ಎಂದು ಸಿಸ್ಟರ್ ಕೇಳಿದಳು. ದುರ್ಗವ್ವ ಪಕ್ಕದಲ್ಲಿದ್ದ ತನ್ನ ಗಂಟಿನ ಕಡೆ ನೋಡಿದಳು. ಊರಿಗೆ ಹೊರಡಲು ಅದನ್ನು ಆಗಲೇ ಕಟ್ಟಿಟ್ಟಾಗಿತ್ತು. ಆಸ್ಪತ್ರೆಯಿಂದ ಬಂದಮೇಲೆ ಅವಳು ಕೂಸನ್ನು ಮುಟ್ಟಿರಲಿಲ್ಲ. ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಂಚದ ಹತ್ತಿರ ಹೋಗುತ್ತಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಅವಳ ಕೈಗೇ ಧೈರ್ಯ ಇರಲಿಲ್ಲ.

ಮರುದಿನ ಬೆಳಗ್ಗೆ ಚಳಿ ಜೋರಾಗಿತ್ತು. ಎರಡು ಕಿಂಡಿಯಿಂದಲೂ ಮಂಜಿನ ಗಾಳಿ ಇಳಿಯುತ್ತಿತ್ತು. ಭುವನೇಶ್ವರಿ ಸಿಸ್ಟರ್ ಹೇಳಿದಂತೆ ಕೂಸನ್ನು ಬರಿ ಎದೆಯ ಮೇಲೆ ಮಲಗಿಸಿಕೊಂಡು ಕೌದಿ ಹೊದ್ದಿದ್ದಳು. ಸ್ನಾನಕ್ಕೆ ನೀರು ಕಾದಿತ್ತು. ತಾಯಿ ಮೂಲೆಯಲ್ಲಿ ಗಂಟಿನ ಪಕ್ಕ ಕೂತಿರುವುದನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

“ಅವ್ವಾ, ನಾ ಜಳಕಾ ಮಾಡಿ ಬರ್ತೀನಿ. ಇಕಿ ಕೈಕಾಲು ತಣ್ಣಗ ಆಗ್ಯಾವು. ನಿನ್ನ ಎದಿ ಮ್ಯಾಲ ಹಾಕ್ಕೊ” ಎಂದಳು.

ದುರ್ಗವ್ವ ಎದ್ದು ನಿಂತಳು, ಮುಂದೆ ಬರಲಿಲ್ಲ. “ನನ್ನ ಕೈಯಾಗ ಕೊಡ್ತಿಯೇನ?” ಎಂದಳು.

“ಮತ್ತ್ಯಾರ ಕೈಯಾಗ ಕೊಡ್ಲಿ? ಅವತ್ತ ಆಸ್ಪತ್ರ್ಯಾಗ ನೀ ಬಾಯಿ ಬಿಟ್ಟಿದ್ದಕ್ಕ ಇಕಿ ಉಳಿದಾಳ. ನನ್ನ ಕಿವಿಗೆ ಕೇಳಸ್ತಿತ್ತಬೇ.”

ದುರ್ಗವ್ವ ಮಂಚದ ಮೇಲೆ ಮಲಗಿ ಕುಪ್ಪಸದ ಗುಂಡಿ ಬಿಚ್ಚಿದಳು. ಮಗಳು ಕೂಸನ್ನು ಅವಳ ಎದೆಯ ಮೇಲೆ ಬೋರಲು ಮಲಗಿಸಿ, ಟೋಪಿ ಸರಿಮಾಡಿ, ಊರಿಂದ ತಂದ ಕೌದಿಯನ್ನು ಕೂಸಿನ ಭುಜದವರೆಗೆ ಎಳೆದು ಹೊರಗೆ ಹೋದಳು. ಮೊದಲು ತಣ್ಣಗಿನ ಪುಟ್ಟ ಪಾದಗಳು ಹೊಟ್ಟೆಗೆ ತಾಗಿ ದುರ್ಗವ್ವ ನಡುಗಿದಳು. ಆಮೇಲೆ ಅವು ನಿಧಾನವಾಗಿ ಬೆಚ್ಚಗಾದವು. ನಾಯಿ ಬೆಕ್ಕು ಎಂದು ನಕ್ಕದ್ದು ನೆನಪಾಗಿ ಅವಳು ತನಗೆ ತಾನೇ ನಕ್ಕಳು. ಕೂಸು ಅವಳ ಎದೆಗೆ ಕೆನ್ನೆ ಒತ್ತಿ ನಿದ್ದೆಹೋಯಿತು, ಅದರ ಉಸಿರು ಅವಳ ಚರ್ಮಕ್ಕೆ ಬಿಸಿಬಿಸಿಯಾಗಿ ತಾಗುತ್ತಿತ್ತು. ಕಿಂಡಿಯಿಂದ ಬೆಳಗಿನ ಥಂಡಿ ಗಾಳಿ ಬಂದು ಅವಳ ಮುಖಕ್ಕೆ ಬಡಿಯಿತು. ದುರ್ಗವ್ವ ಅದರ ಕಡೆಗೇ ಮುಖ ತಿರುಗಿಸಿಕೊಂಡು ಮಲಗಿದಳು.